ನಾನು ಬಿಟ್ಟ ಖಾಲಿ ಚೌಕ

ಗರಗ
೧೨ ಫೆಬ್ರುವರಿ ೨೦೨೫

ಸಂಘಮಿತ್ರಾ ಅಕ್ಕನಿಗೆ ನಿನ್ನ ನೀಲಾಳ ಜೈ ಭೀಮ್.

ಇದನ್ನು ಕಿವಿಗೆ ವೈರ್ ಹಾಕಿಕೊಂಡು ಒಬ್ಬಳೇ ಕೇಳು. ಕಾಗದದಲ್ಲಿ ಬರೆದಿದ್ದರೆ, ಕಣ್ಣು ಕಾಣದ ನಿನಗೆ ಧಾರವಾಡದ ಆ ಹಾಸ್ಟೆಲ್ಲಿನಲ್ಲಿ ಯಾರಾದರೂ ಓದಿ ಹೇಳಬೇಕಾಗುತ್ತಿತ್ತು. ಅದಕ್ಕೇ ಮೊಬೈಲಿನಲ್ಲಿ ಒಂದೊಂದೇ ಅಕ್ಷರ ಒತ್ತಿ ಬರೆದಿದ್ದೇನೆ. ನಿನ್ನ ಫೋನು ಓದುತ್ತದೆ, ನಗುವುದಿಲ್ಲ.

ನಿನ್ನೆ ನೀನು ಫೋನು ಮಾಡಿ, "ನೀಲವ್ವಾ, ಅರ್ಜಿ ನಾನ ತುಂಬೇನಿ, ಒಬ್ಬಾಕಿನ!" ಎಂದು ಕೂಗಿದೆ. ಆಮೇಲೆ, "ಬರಿಯಾಕ ಸಹಾಯಕರು ಬೇಕೇನು ಅಂತ ಒಂದು ಪ್ರಶ್ನಿ ಬಂತು. ಹ್ವಾದ ಸಲ ಇದು ಇತ್ತೇನು?" ಎಂದು ಕೇಳಿದೆ. ನೂಲುವ ರಾಟಿ ಕೆಟ್ಟಿದೆ ಎಂದು ಹೇಳಿ ನಾನು ಫೋನು ಇಟ್ಟೆ. ರಾಟಿ ಕೆಟ್ಟಿರಲಿಲ್ಲ.

ಇತ್ತು ಅಕ್ಕಾ, ಆ ಪ್ರಶ್ನೆ ಆಗಲೂ ಇತ್ತು.

ಎರಡು ವರ್ಷದ ಹಿಂದೆ ವಸತಿನಿಲಯಗಳ ಇಲಾಖೆಯವರು ಗುಮಾಸ್ತರ ಹುದ್ದೆಗೆ ಕರೆದಾಗ, ಅವರ ಇಂಟರ್ನೆಟ್ ಪುಟದಲ್ಲಿ ನಿನ್ನ ಫೋನು "ಬಟನ್, ಬಟನ್, ಬಟನ್" ಎಂದಷ್ಟೇ ಹೇಳುತ್ತಿತ್ತು. ಸೊಟ್ಟ ಅಕ್ಷರಗಳ ಚಿತ್ರ ಬಂದರೆ ಪೂರ್ತಿ ಸುಮ್ಮನಾಗುತ್ತಿತ್ತು. ಅದಕ್ಕೆ ನನ್ನನ್ನು ಹುಸೇನಬಾಷಾನ ಕಂಪ್ಯೂಟರ್ ಅಂಗಡಿಗೆ ಕಳಿಸಿದೆ. ಎಲ್ಲ ಇಂಗ್ಲಿಷಿನಲ್ಲಿತ್ತು. ನಾನು ಶಾಲೆಯಲ್ಲಿ ಐದನೇತ್ತೆ ತನಕ ಕಲಿತವಳು. ನೀನು ಬರೆಸಿಕೊಟ್ಟ ಚೀಟಿ ನೋಡಿ ನೋಡಿ ತುಂಬಿದೆ. ಒಂದು ಚೌಕ ಚೀಟಿಯಲ್ಲಿ ಇರಲಿಲ್ಲ. ಹುಸೇನಬಾಷಾ, "ಲಗೂ ಮಾಡವ್ವಾ, ನಿನ್ನ ಹಿಂದ ಹತ್ತು ಮಂದಿ ಪಾಳಿ ಹಚ್ಯಾರ" ಎಂದ. ಇದೇನೆಂದು ಕೇಳಲು ನಾಚಿಕೆ. ಖಾಲಿ ಬಿಟ್ಟೆ. ಹೊರಗೆ ಬಂದು, ಎಲ್ಲ ತುಂಬಿದೆನೆಂದು ನಿನಗೆ ಹೇಳಿದೆ.

ಪರೀಕ್ಷೆಯ ದಿನ ನಿನಗೆ ಬರೆಯುವವರು ಸಿಗಲಿಲ್ಲ. ಅರ್ಜಿಯಲ್ಲಿ ಕೇಳಿಲ್ಲ ಎಂದರು. ನೀನು ಮೂರು ತಾಸು ಖಾಲಿ ಹಾಳೆ ಮುಂದಿಟ್ಟುಕೊಂಡು ಕುಳಿತು ಬಂದೆ. ಬಸ್ಸಿನಲ್ಲಿ ನೀನು, "ತುಂಬಿದ್ದನ್ನ ಅವರ ಪುಟಾನ ನುಂಗಿರಬೇಕು. ನಮ್ಮ ನೀಲಾ ಬಿಡಾಕಿ ಅಲ್ಲ" ಎಂದೆ. ಬೈದಿದ್ದರೆ ಅವತ್ತೇ ಹೇಳಿಬಿಡುತ್ತಿದ್ದೆನೇನೋ.

ಆಮೇಲೆ ನೀನು ದೂರು ಹೇಳಿದೆ, ನಾನೇ ಕೈಯಾರೆ ಬರೆದೆ. ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ ಸರ್ಕಾರದ ಪುಟ ಎಲ್ಲರಿಗೂ ಬಳಸಲು ಬರುವಂತೆ ಇರಲೇಬೇಕು ಎಂದು. ವಿಚಾರಣೆಯಲ್ಲಿ ಇಲಾಖೆಯ ಸಾಹೇಬರು, "ಯಾರರ ಕಣ್ಣಿದ್ದವರು ತುಂಬಿ ಕೊಡ್ತಾರಲ್ಲವಾ, ತ್ರಾಸ್ ಏನೈತಿ?" ಎಂದರು. ನೀನು, "ಅವರು ತುಂಬಿದ್ದು ಖರೇನೋ ಇಲ್ಲೋ ನಾ ಹೆಂಗ ನೋಡ್ಲಿರಿ? ಕಾಯ್ದೆ ನಮಗ ಉಪಕಾರ ಮಾಡ್ರಿ ಅಂದಿಲ್ಲರಿ, ನಿಮ್ಮ ಕೆಲಸ ಮಾಡ್ರಿ ಅಂದೈತಿ" ಎಂದೆ. ಬಾಗಿಲ ಬಳಿ ನಿಂತಿದ್ದ ನಾನು ಹೊರಗೆ ಸರಿದೆ.

ಈಗ ಅವರು ಪುಟ ಬದಲಿಸಿದ್ದಾರೆ. ಕನ್ನಡದಲ್ಲಿದೆ, ತುಂಬಿದ್ದನ್ನೆಲ್ಲ ಕೊನೆಗೆ ಓದಿ ಹೇಳುತ್ತದೆ. ನಿನ್ನ ಅರ್ಜಿಗೆ ಇನ್ನು ನನ್ನ ಕಣ್ಣು ಬೇಡ. ಅದು ಸಂತೋಷವೇ, ಸ್ವಲ್ಪ ಅಳುವೂ ಬಂತು.

ಪುಟ ನುಂಗಿರಲಿಲ್ಲ ಅಕ್ಕಾ, ನಾನೇ ಬಿಟ್ಟದ್ದು. ಬೈಯುವುದಿದ್ದರೆ ಪರೀಕ್ಷೆ ಮುಗಿದ ಮೇಲೆ ಬೈ. ಅವತ್ತು ಬೇಡವೆಂದರೂ ಕೇಂದ್ರದ ಬಾಗಿಲತನಕ ನಾನು ಬರುವವಳೇ.

ನಿನ್ನ ತಂಗಿ
ನೀಲಾ

ತಾ.ಕ.: ಆ ಪುಟದಲ್ಲಿ ಅಡುಗೆ ಸಹಾಯಕಿಯರ ಹುದ್ದೆಯೂ ಇದೆ. ಐದನೇತ್ತೆ ಕಲಿತವರೂ ಹಾಕಬಹುದಂತೆ. ತಿಳಿಯದ ಕಡೆ ಪುಟದಿಂದಲೇ ಎರಡೆರಡು ಸಲ ಓದಿಸಿಕೊಂಡು, ಇಂದು ಬೆಳಿಗ್ಗೆ ಮನೆಯಲ್ಲೇ ಕುಳಿತು ತುಂಬಿದೆ. ಹಿಂದೆ ಪಾಳಿ ಇರಲಿಲ್ಲ. ಇನ್ನೂ ಕಳಿಸಿಲ್ಲ. ತುಂಬಿದ್ದರ ಪ್ರತಿಯನ್ನು ನಿನ್ನ ಫೋನಿಗೆ ಹಾಕಿದ್ದೇನೆ, ಒಂದು ಸಲ ಪೂರ್ತಿ ಕೇಳಿ ಹೇಳು. ಎಲ್ಲಿಯಾದರೂ ಖಾಲಿ ಬಿಟ್ಟಿದ್ದೇನೇನು?