ಕೊನೇ ಹಾಸಿಗೆಯ ಸಂಬಳ

ಮಂಗಳವಾರ, ರಾತ್ರಿ

ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಸಿಕ್ಕಿತು, ಅದೂ ನನ್ನ ಗಂಡನಿರುವ ಊರಿನಲ್ಲೇ! ಗಂಡ ಅಂತ ಬರೆಯುವುದೇ ಎಂಥ ಖುಷಿ. ಮದುವೆಯಾದಾಗಿನಿಂದ ಫೋನಿನಲ್ಲೇ ಸಂಸಾರ; ಇನ್ನು ಒಂದೇ ಮನೆ.

ಆದರೆ ಆ ಸಂಬಳ ಕಾಡುತ್ತಿದೆ. ನನಗಿರುವುದು ಜನರಲ್ ವಾರ್ಡಿನ ಎರಡು ವರ್ಷದ ಅನುಭವ, ಊರು ಚಿಕ್ಕದು, ಆದರೂ ಇಲ್ಲಿನ ಐಸಿಯು ಸೀನಿಯರ್ ಸಿಸ್ಟರ್‌ಗಿಂತ ಹೆಚ್ಚು ಕೊಡುತ್ತಾರಂತೆ. ಅಲ್ಲಿನ ಹೆಡ್ ನರ್ಸ್‌ಗೆ ಫೋನ್ ಮಾಡಿ ಕೇಳಿಯೇಬಿಟ್ಟೆ.

"ಕೊನೇ ಹಾಸಿಗೆ ಯಾವಾಗಲೂ ಖಾಲಿ ಇರತ್ತಮ್ಮ. ಆದ್ರೂ ರಾತ್ರಿ ಅದರ ಬೆಲ್ ಹೊಡೆಯತ್ತೆ. ಹೋಗಿ 'ಬಂದೆ' ಅಂತ ಹೇಳಿದ್ರೆ ನಿಲ್ಲತ್ತೆ. ಸಂಬಳ ಅದಕ್ಕೇ."

"ವೈರಿಂಗ್ ರಿಪೇರಿ ಮಾಡಿಸಬಾರದಾ ಸಿಸ್ಟರ್?"

"ವೈರು ಕಿತ್ತು ಎಷ್ಟೋ ವರ್ಷ ಆಯ್ತು."

ಇವರಿಗೆ ಫೋನಿನಲ್ಲಿ ಹೇಳಿದರೆ ನಕ್ಕರು. "ನಾನು ಹತ್ತು ಸಲ ಕರೆದ್ರೂ ಓ ಅನ್ನೋಳಲ್ಲ ನೀನು, ಅದಕ್ಕೆ ಓ ಅಂತೀಯಾ?"

ನಾನೂ ನಕ್ಕೆ. ಬೇಡವೆಂದರೆ ಮತ್ತೆ ಫೋನೇ ಗತಿ. ಒಪ್ಪಿಗೆ ಎಂದು ಮೆಸೇಜ್ ಕಳುಹಿಸಿದೆ. ಹೆಡ್ ನರ್ಸ್ ಕೂಡಲೇ ಉತ್ತರಿಸಿದರು: "ನೀನು ಫೋನ್ ಮಾಡಿದಾಗ್ಲಿಂದ ಬೆಲ್ ನಿಲ್ತಾ ಇಲ್ಲ, 'ಬಂದೆ' ಅಂದ್ರೂ. ನೀನು ಯಾವತ್ತು ಬರ್ತೀಯ ಅಂತ ನಾನು ಹೋಗಿ ಅದಕ್ಕೆ ಹೇಳ್ಬೇಕು."

ಬರೆದು ಕಳುಹಿಸಿದೆ: ಶುಕ್ರವಾರ, ಸಂಜೆಯ ಪ್ಯಾಸೆಂಜರ್ ರೈಲು.