ನಾಯಿ ಕಡಿತದ ಕೋಣೆ

ಶ್ರೀ

ಲಕ್ಷ್ಮೀಪುರಂ, ಮೈಸೂರು
೧೮–೩–೧೯೯೫

ರೀ,

ನಿಮ್ಮ ಪ್ರೇಮಲೀಲಾ ಮಾಡುವ ನಮಸ್ಕಾರಗಳು. ನಾವಿಲ್ಲಿ ಇದ್ದೇವೆ. ಕ್ಷೇಮ ಎಂದು ಬರೆಯಲು ಕೈ ಬರಲಿಲ್ಲ, ಅದಕ್ಕೇ ಇದ್ದೇವೆ ಎಂದಷ್ಟೇ ಬರೆದೆ. ನೀವು ಹೇಗಿದ್ದೀರಿ? ಬಳ್ಳಾರಿಯ ಬಿಸಿಲು ಜೈಲಿನ ಗೋಡೆಯೊಳಗೆ ಇನ್ನೆಷ್ಟು ಸುಡುತ್ತದೋ. ಅಲ್ಲಿಯ ಸಾರೆಲ್ಲ ಬರೀ ಖಾರವಂತೆ, ನಿಮಗೋ ಒಂದು ಮೆಣಸಿನಕಾಯಿ ಹೆಚ್ಚಾದರೆ ಎದೆಯುರಿ. ಮಜ್ಜಿಗೆ ಕೊಡುತ್ತಾರೋ ಇಲ್ಲವೋ, ಲಾಯರ ಹತ್ತಿರ ಹೇಳಿಕಳಿಸಿ. ಈ ಕಾಗದವನ್ನೂ ಅವರ ಕೈಯಲ್ಲೇ ಕೊಡುತ್ತಿದ್ದೇನೆ. ಅಂಚೆಗೆ ಹಾಕಿದರೆ ಜೈಲಿನವರು ಒಡೆದು ಓದುತ್ತಾರಂತೆ. ನೌಕರರ ಸಂಘದವರೆಲ್ಲ ಒಂದೇ ಕಡೆ ಇದ್ದೀರಿ, ಸಾಯಂಕಾಲ ವಚನ ಹೇಳಿಕೊಂಡು ಕೂರುತ್ತೀರಿ ಎಂದು ಲಾಯರು ಹೇಳಿದಾಗ ಮಾವ ಮುಖ ಆ ಕಡೆ ತಿರುಗಿಸಿಕೊಂಡರು. ನಗು ಬಂದದ್ದು ನನಗೆ ಕಾಣಬಾರದೆಂದು ಇರಬೇಕು. ಮುಷ್ಕರದ ಮಾತೆತ್ತಿದರೆ ಅವರಿಗೆ ಈಗಲೂ ಕೋಪವೇ. ಆದರೆ ಬೆಳಿಗ್ಗೆ ಪೂಜೆಗೆ ಕೂತಾಗ ನಿಮ್ಮ ಹೆಸರು ಹೇಳದೆ ಏಳುವುದಿಲ್ಲ.

ಹೊರಡುವ ಮುಂಚೆ ನೀವು ಹೇಳಿದ ಮಾತು ನೆನಪಿದೆಯೇ? "ಒಂದು ವಾರ ತಡ್ಕೊಳೇ, ಸರ್ಕಾರ ತಾನಾಗೇ ಬಗ್ಗುತ್ತೆ." ಸರ್ಕಾರ ಬಗ್ಗಲಿಲ್ಲ, ಊರು ಬಗ್ಗಿದೆ. ನಲ್ಲಿಯಲ್ಲಿ ನೀರು ಯಾವಾಗ ಬರುತ್ತದೆಂದು ಹೇಳುವವರಿಲ್ಲ. ರೇಷನ್ ಅಂಗಡಿಗೆ ಸೀಮೆಎಣ್ಣೆ ಬಂದೇ ಇಲ್ಲ. ಖಜಾನೆ ಮುಚ್ಚಿ ಮಾವನ ಪಿಂಚಣಿಯೂ ನಿಂತಿದೆ, ಹಿಂದಿನ ಮನೆಯ ಅಜ್ಜಿಯ ವಿಧವಾ ವೇತನವೂ ನಿಂತಿದೆ. ಆ ಅಜ್ಜಿ ದಿನಾ ಬೆಳಿಗ್ಗೆ ಬಾಗಿಲಲ್ಲಿ ನಿಂತು, "ನಿನ್ ಗಂಡ ಯಾವಾಗ ಬಾಗ್ಲು ತೆಗಿಸ್ತಾನೆ ತಾಯಿ?" ಎಂದು ಕೇಳುತ್ತಾಳೆ, ನೀವೇ ವಿಧಾನಸೌಧದ ಕೀಲಿಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದವರ ಹಾಗೆ. ನಿಮ್ಮ ಬೇಡಿಕೆ ನ್ಯಾಯದ್ದು. ಅದನ್ನು ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ, ಹೇಳಿದ್ದೇನೆ ಕೂಡ. ಆದರೆ ಪೌರಕಾರ್ಮಿಕರೂ ನಿಮ್ಮ ಜೊತೆ ಸೇರಿದ ಮೇಲೆ ನಮ್ಮ ಬೀದಿ ಕೊನೆಯ ಕಸದ ತೊಟ್ಟಿ ತುಂಬಿ, ರಸ್ತೆಯ ಅರ್ಧಕ್ಕೆ ಹರಡಿದೆ. ಎಲ್ಲೆಲ್ಲಿಯ ನಾಯಿಗಳೋ ಅಲ್ಲಿ ಬಂದು ಸೇರಿವೆ. ಹಿಡಿಯುವ ವ್ಯಾನೂ ನಿಂತಿದೆ.

ಇನ್ನು ಸುತ್ತಿ ಬಳಸಿ ಬರೆಯಲಾರೆ. ಗಾಬರಿಯಾಗಬೇಡಿ. ಹೋದ ವಾರ ನಮ್ಮ ರಕ್ಷಿತಾಗೆ ಆ ತೊಟ್ಟಿಯ ಹತ್ತಿರ ನಾಯಿ ಕಚ್ಚಿತು.

ಸ್ಕೂಲಿಲ್ಲದ ಮಗು, ಎಷ್ಟು ಹೊತ್ತು ಮನೆಯಲ್ಲಿ ಕೂಡಿಹಾಕಲಿ? ಕುಂಟಾಬಿಲ್ಲೆ ಆಡಲು ಹೋಗಿದ್ದಳು. ಒಂದು ಕಂದು ನಾಯಿ, ಬಾಯಿಂದ ಜೊಲ್ಲು ಇಳಿಯುತ್ತಿತ್ತಂತೆ, ಬೊಗಳಲೂ ಇಲ್ಲ, ನೇರ ಬಂದು ಮೀನಖಂಡಕ್ಕೆ ಬಾಯಿ ಹಾಕಿದೆ. ನಮ್ಮ ಮನೆಗೆ ಹೂವು ಕೊಡುವ ಪುಟ್ಟತಾಯಮ್ಮ ಅದೇ ಹೊತ್ತಿಗೆ ಬರುತ್ತಿದ್ದಳು. ಹೂವಿನ ಬುಟ್ಟಿಯಿಂದಲೇ ಅದರ ತಲೆಗೆ ಬಡಿದು, ಬಿಡದೆ ಹೋದಾಗ ಬರಿಗೈಯಲ್ಲಿ ದವಡೆ ಹಿಡಿದು ಎಳೆದಿದ್ದಾಳೆ. ನಾನು ಓಡಿಹೋಗುವಾಗ ರಸ್ತೆಯೆಲ್ಲ ಕಾಕಡ ಹೂ ಚೆಲ್ಲಿತ್ತು, ಅವಳ ಅಂಗೈ ಹರಿದು ರಕ್ತ ಸುರಿಯುತ್ತಿತ್ತು. "ಅಂಗೇ ಬುಟ್ಟಿದ್ರೆ ಮಗೀನ ಹರ್ದಾಕ್ಬುಡೋದು ಕಣವ್ವ," ಎಂದಳು, ತನ್ನ ಕೈ ನೋಡಿಕೊಳ್ಳದೆ. ಸಾಯಂಕಾಲದೊಳಗೆ ಆ ನಾಯಿ ಇನ್ನೂ ಎಷ್ಟೋ ಜನಕ್ಕೆ ಕಚ್ಚಿ, ಕಡೆಗೆ ಮೋರಿಯಲ್ಲಿ ಬಿದ್ದು ಸತ್ತಿತು. ಹುಚ್ಚುನಾಯಿ ಎನ್ನುವುದರಲ್ಲಿ ಯಾರಿಗೂ ಅನುಮಾನ ಉಳಿಯಲಿಲ್ಲ.

ಇಬ್ಬರನ್ನೂ ಆಟೋದಲ್ಲಿ ಕೂರಿಸಿಕೊಂಡು ನಿಮ್ಮ ಆಸ್ಪತ್ರೆಗೆ ಹೋದೆ. ಗೇಟಿನ ಮುಂದೆ ಶಾಮಿಯಾನ ಹಾಕಿಕೊಂಡು ಕೂತಿದ್ದವರು ನನ್ನನ್ನು ಕಂಡು, ಮುಷ್ಕರಕ್ಕೆ ಬೆಂಬಲ ಕೊಡಲು ಬಂದೆನೆಂದುಕೊಂಡು ಎದ್ದು ನಿಂತು ಚಪ್ಪಾಳೆ ತಟ್ಟಿದರು. "ಸಿದ್ದಲಿಂಗಸ್ವಾಮಿಗಳ ಮನೆಯವರು ಬಂದವ್ರೆ, ಕುರ್ಚಿ ಹಾಕ್ರೋ!" ಎಂದು ಯಾರೋ ಕೂಗಿದರು. ನಾನು ಮಗಳ ಲಂಗ ಸ್ವಲ್ಪ ಮೇಲೆತ್ತಿ ಕಾಲು ತೋರಿಸಿದೆ. ಚಪ್ಪಾಳೆ ನಿಂತಿತು. ನರ್ಸ್ ಸರ್ವಮಂಗಳಾ ಒಬ್ಬರು ಮಾತ್ರ ಎದ್ದು ಬಂದು, ನಲ್ಲಿಯ ಹತ್ತಿರ ಕೂರಿಸಿ, ಇಬ್ಬರ ಗಾಯವನ್ನೂ ಸೋಪು ಹಾಕಿ ತುಂಬಾ ಹೊತ್ತು ತೊಳೆದರು.

ನೀವು ಇಲ್ಲದಾಗ ಸಂಘ ನೋಡಿಕೊಳ್ಳುತ್ತಿರುವ ನಂಜುಂಡಯ್ಯನವರು ನನ್ನನ್ನು ಪಕ್ಕಕ್ಕೆ ಕರೆದರು. ಅಪಘಾತ, ಹೆರಿಗೆ ಇವಕ್ಕೆಲ್ಲ ಬಾಗಿಲು ತೆರೆದಿದೆಯಂತೆ. ನಾಯಿ ಕಡಿತದ ಕೋಣೆ ಮಾತ್ರ ಮುಚ್ಚಿದೆಯಂತೆ, ಕಚ್ಚಿಸಿಕೊಂಡವರು ನಡೆದುಕೊಂಡು ಬರುತ್ತಾರೆ, ಹಾಗಾಗಿ ತುರ್ತು ಅಲ್ಲವೆಂದು ಕಮಿಟಿಯಲ್ಲಿ ತೀರ್ಮಾನವಾಗಿತ್ತಂತೆ. "ಸ್ವಾಮಿಗಳೇ ಬೀಗ ಹಾಕಿ ಕೀ ನನ್ ಕೈಗೆ ಕೊಟ್ಟು ಹೋದ್ರು, ಅತ್ತಿಗೆಮ್ಮ. ಮಗು ವಿಷ್ಯ, ನಾನು ಇಲ್ಲ ಅನ್ನಲ್ಲ. ಕತ್ತಲಾಗೋ ಹೊತ್ಗೆ ಹಿಂದಿನ ಬಾಗ್ಲಿಗೆ ಬನ್ನಿ. ಮನೆಯೋರು ಮಾತ್ರ." ಪುಟ್ಟತಾಯಮ್ಮನ ಕಡೆ ನೋಡಿದೆ. "ಊರೋರಿಗೆಲ್ಲ ತೆಗೆದ್ರೆ ಮುಷ್ಕರ ಎಲ್ಲಿ ಉಳೀತು ಹೇಳಿ," ಎಂದರು. ಒಳ್ಳೆಯ ಮನುಷ್ಯರೇ. ಕಣ್ಣು ಕೆಂಪಗಾಗಿತ್ತು, ಎಷ್ಟು ದಿನದಿಂದ ನಿದ್ದೆಯಿಲ್ಲವೋ.

ಮನೆಗೆ ಬಂದು ಪುಟ್ಟತಾಯಮ್ಮನಿಗೆ ನನ್ನದೊಂದು ಸೀರೆ ಉಡಿಸಿ, ಹಣೆಗೆ ಅಗಲವಾಗಿ ವಿಭೂತಿ ಹಚ್ಚಿದೆ. "ಇದ್ಯಾಕವ್ವ ನಂಗೆ?" ಎಂದು ಅವಳು ನಾಚಿದಳು. ಹಿಂದಿನ ಬಾಗಿಲಲ್ಲಿ ನಂಜುಂಡಯ್ಯನವರಿಗೆ, "ಇವರು ನಮ್ಮತ್ತೆ, ಇವರಿಗೂ ಕಚ್ಚಿದೆ," ಎಂದುಬಿಟ್ಟೆ. ಅವರಿಗೆ ನಮ್ಮ ಮನೆಯ ಸಂಗತಿ ಅಷ್ಟು ತಿಳಿಯದು, ಬೆಳಿಗ್ಗೆ ಕಂಡ ಹೆಂಗಸೆಂದೂ ಗುರುತು ಹಿಡಿಯಲಿಲ್ಲ. ಆದರೆ ಸಿರಿಂಜು ಹಿಡಿದು ನಿಂತಿದ್ದ ಸರ್ವಮಂಗಳಾ ನೋಡಿದರು. ನಮ್ಮ ಅತ್ತೆ ಜೀವ ಬಿಟ್ಟದ್ದು ಅವರ ವಾರ್ಡಿನಲ್ಲೇ, ಕಣ್ಣು ಮುಚ್ಚಿಸಿದವರೂ ಅವರೇ. "ಬನ್ನಿ ಅತ್ತೆಮ್ಮ, ಹೊಟ್ಟೆ ಬಿಗಿ ಹಿಡೀಬೇಡಿ," ಎಂದು ಅವಳ ತೋಳು ಹಿಡಿದು ಮಲಗಿಸಿದರು. ರಕ್ಷಿತಾ ಮಾತ್ರ ಕಿರುಚಿದ ಕಿರುಚು ನಿಮಗೆ ಬಳ್ಳಾರಿಗೆ ಕೇಳಿಸಿರಬೇಕು. ಹೊಕ್ಕುಳ ಸುತ್ತ ದಿನಕ್ಕೊಂದು, ಹದಿನಾಲ್ಕು ಆಗಬೇಕು.

ಮೂರು ಸಲ ಹೀಗೆ ಹೋಗಿ ಬಂದೆವು. ಆಮೇಲೆ ಸುದ್ದಿ ಹೇಗೆ ಹರಡಿತೋ, ಅದೇ ನಾಯಿ ಕಚ್ಚಿದವರೆಲ್ಲ ಹಿಂದಿನ ಬಾಗಿಲಿಗೆ ಬಂದು ನಿಂತರು. ಕೂಲಿಯವರು, ಬಸುರಿ ಹೆಂಗಸೊಬ್ಬಳು, ಕೈಗೂಸು ಹಿಡಿದ ತಂದೆ. ನಂಜುಂಡಯ್ಯನವರು ಗಾಬರಿಯಾಗಿ ಬಾಗಿಲು ಹಾಕಿಸಿ, "ಇನ್ಮೇಲೆ ಯಾರಿಗೂ ಇಲ್ಲ, ಸ್ವಾಮಿಗಳ ಮಗಳಿಗೂ ಇಲ್ಲ," ಎಂದರು. ನ್ಯಾಯವೇ ಅನ್ನಬೇಕು. ಆದರೆ ಮಧ್ಯೆ ಬಿಟ್ಟರೆ ಹಾಕಿಸಿಕೊಂಡದ್ದೂ ನೆಚ್ಚುವ ಹಾಗಿಲ್ಲವೆಂದು ಸರ್ವಮಂಗಳಾ ಹೇಳುತ್ತಾರೆ. ಮಾವ ಈ ವಯಸ್ಸಿನಲ್ಲಿ ಊರಿನ ಔಷಧಿ ಅಂಗಡಿಗಳನ್ನೆಲ್ಲ ನಡೆದೇ ಸುತ್ತಿದರು. ಎಲ್ಲೂ ಇಲ್ಲ. ಬೆಂಗಳೂರಿಗೆ ಫೋನ್ ಮಾಡಿಸಿದರೆ ಅಲ್ಲೂ ಇದೇ ಗತಿ. ಬಂದು ಜಗಲಿಯ ಮೇಲೆ ಕೂತವರು ಚಪ್ಪಲಿಯನ್ನೂ ಬಿಡದೆ ಹಾಗೇ ಕೂತಿದ್ದರು.

ರೀ, ನನಗೆ ತುಂಬಾ ಹೆದರಿಕೆಯಾಗುತ್ತಿದೆ. ನಿಮಗಲ್ಲದೆ ಯಾರಿಗೆ ಹೇಳಲಿ? ಮಗುವಿಗೆ ನೀರು ಕೊಡುವಾಗಲೆಲ್ಲ ಅವಳ ಗಂಟಲು ನೋಡುತ್ತೇನೆ. ಗುಟುಕು ಇಳಿಯುವವರೆಗೆ ನನಗೆ ಉಸಿರಾಡಲಾಗುವುದಿಲ್ಲ. ನೆನ್ನೆ ಸ್ನಾನ ಬೇಡವೆಂದು ಹಟ ಮಾಡಿದಳು, ಯಾವಾಗಲೂ ಮಾಡುವ ಹಟವೇ. ನಾನು ಬಚ್ಚಲಲ್ಲಿ ಕುಸಿದು ಕೂತುಬಿಟ್ಟೆ. ಅವಳೇ ಬಂದು ತಂಬಿಗೆ ಎತ್ತಿ ತಲೆಗೆ ಸುರಿದುಕೊಂಡು, "ಮಾಡ್ಕೊಂಡೆ ನೋಡಮ್ಮ, ಅಳ್ಬೇಡ," ಎಂದಳು. ಮಾವ ಗಳಿಗೆಗೊಮ್ಮೆ, "ಪುಟ್ಟಿ, ನೀರು ಕುಡೀತೀಯಾ?" ಎಂದು ಕೇಳಿ ಕೇಳಿ ಅವಳಿಗೂ ಏನೋ ಅನುಮಾನ ಬಂದಿದೆ. ಪುಟ್ಟತಾಯಮ್ಮ ಕೈಗೆ ಬಟ್ಟೆ ಸುತ್ತಿಕೊಂಡು, ಹಲ್ಲಿನಲ್ಲಿ ದಾರ ಹಿಡಿದು ಹೂ ಕಟ್ಟುತ್ತಾಳೆ. ನನ್ನ ಮುಖ ನೋಡಿ ಅವಳೇ ಧೈರ್ಯ ಹೇಳುತ್ತಾಳೆ, "ಏನೂ ಆಗಕ್ಕಿಲ್ಲ ಸುಮ್ಕಿರವ್ವ."

ಲಾಯರು ನಾಳೆ ನಿಮ್ಮನ್ನು ನೋಡುತ್ತಾರೆ. ಕಾಗದ ಓದಿದ ಕೂಡಲೇ ಕಮಿಟಿಗೆ ಎರಡು ಸಾಲು ಬರೆದುಕೊಡಿ, ನಾಯಿ ಕಡಿತದ ಕೋಣೆ ಎಲ್ಲರಿಗೂ ತೆರೆಯಿರಿ ಎಂದು. ನಮ್ಮ ಮಗಳೊಬ್ಬಳಿಗೆ ಎಂದು ಬರೆಯಬೇಡಿ. ನಿಮ್ಮ ಅಕ್ಷರ ಕಂಡರೆ ನಂಜುಂಡಯ್ಯನವರು ಇಲ್ಲವೆನ್ನುವುದಿಲ್ಲ. ಮುಷ್ಕರ ನಡೆಯಲಿ, ಆ ಒಂದು ಬಾಗಿಲು ಬಿಟ್ಟು ನಡೆಯಲಿ. ಸಂಬಳ ತಡವಾಗಿ ಬಂದರೆ ಸುಧಾರಿಸಿಕೊಳ್ಳಬಹುದು. ಈ ಕಾಯಿಲೆ ಬಂದ ಮೇಲೆ ಉಳಿಸಲು ಸರ್ಕಾರ ಬಂದರೂ ಆಗದು, ಸಂಘ ಬಂದರೂ ಆಗದು. ನಿಮ್ಮ ಆಸ್ಪತ್ರೆಯಲ್ಲಿ ನೀವೇ ಕಂಡಿದ್ದೀರಿ. ಒಂದು ಸಲ ಕಂಡು ಬಂದು ಎರಡು ದಿನ ಊಟ ಬಿಟ್ಟಿದ್ದಿರಿ.

ಮಾವನ ಆಶೀರ್ವಾದಗಳು, ಅವರಾಗಿಯೇ ಬರೆ ಎಂದರು. ರಕ್ಷಿತಾ ಅಪ್ಪನಿಗೆ ಮುತ್ತು ಕಳಿಸಿದ್ದಾಳೆ, ಇಂಜೆಕ್ಷನ್ ವಿಷಯ ಹೇಳಬೇಡ, ಅಪ್ಪ ಹೆದರುತ್ತಾರೆ ಎಂದಳು. ಹೊತ್ತಿಗೆ ಸರಿಯಾಗಿ ಊಟ ಮಾಡಿ. ನಂಜುಂಡೇಶ್ವರ ನಿಮ್ಮನ್ನೂ ನಮ್ಮನ್ನೂ ಒಂದೇ ಸೂರಿನಡಿ ಸೇರಿಸಲಿ.

ಇಂತು ನಿಮ್ಮ,
ಪ್ರೇಮಲೀಲಾ

ಮತ್ತೊಂದು ಮಾತು: ಲಾಯರು ಬಾಗಿಲಲ್ಲಿ ನಿಂತಿದ್ದಾರೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಈಗ ಸರ್ವಮಂಗಳಾ ಬಂದರು. ಅದೇ ನಾಯಿ ಮುಖಕ್ಕೇ ಕಚ್ಚಿದ್ದ ಸಿದ್ಧಾರ್ಥನಗರದ ಕೂಲಿಯೊಬ್ಬ ಬೆಳಿಗ್ಗೆಯಿಂದ ನೀರಿನ ಲೋಟ ಕಂಡರೆ ಗೋಡೆಗೆ ಒತ್ತಿಕೊಂಡು ನಡುಗುತ್ತಿದ್ದಾನಂತೆ. ಅವನಿಗೆ ಒಂದು ಇಂಜೆಕ್ಷನ್ನೂ ಸಿಕ್ಕಿರಲಿಲ್ಲ. ನಿಮ್ಮ ಉತ್ತರ ಬರುವವರೆಗೆ ನಾನು ಕಾಯಲಾರೆ. ನಾವು ಈಗಲೇ ಹೊರಟಿದ್ದೇವೆ, ನಾನು, ಮಗು, ಪುಟ್ಟತಾಯಮ್ಮ, ಮಾವ, ಹಿಂದಿನ ಬಾಗಿಲಿಗೆ ಬಂದಿದ್ದವರೆಲ್ಲ. ಈ ಸಲ ಮುಂದಿನ ಗೇಟಿನಿಂದಲೇ. ನಂಜುಂಡಯ್ಯನವರು ಕೀ ಕೊಟ್ಟರೆ ಸರಿ, ಕೊಡದಿದ್ದರೆ ಬೀಗ ಒಡೆಯುತ್ತೇವೆ. ಸರ್ವಮಂಗಳಾ ಯೂನಿಫಾರಂ ಹಾಕಿಕೊಂಡೇ, ಅವರನ್ನೆಲ್ಲ ಸೇರಿಸಿಕೊಂಡು ಬಂದಿದ್ದಾರೆ. ನಾಳೆ ಪೇಪರಿನಲ್ಲಿ ನಿಮ್ಮ ಹೆಂಡತಿಯೇ ಮುಷ್ಕರ ಮುರಿದಳೆಂದು ಬಂದರೆ, ಹೌದೆನ್ನಿ. ಅಕ್ಷರ ಕೆಟ್ಟಿದೆ, ಬೈದುಕೊಳ್ಳಬೇಡಿ.