ಕೆಂಪು ಗೆರೆ

ಸೋಮವಾರ, ಜುಲೈ 8, 2024. ಮಾದನಾಯಕನಹಳ್ಳಿ

ಆ ಮೇಡಂ ಎಳೆದ ಗೆರೆ ಕಣ್ಣಿಂದ ಮರೆಯಾಗುತ್ತಿಲ್ಲ.

ಮಗಳು ಶಿವಗಂಗಾಳನ್ನು ಶಾಲೆ ಬಿಡಿಸಿ ಮನೆಯಲ್ಲೇ ಕಲಿಸುತ್ತಿದ್ದೇನೆಂದು ಶಿಕ್ಷಣ ಇಲಾಖೆಯಿಂದ ನೋಟಿಸು ತಂದಿದ್ದರು. "ನೀವು ಓದಿರೋದೇ ಏಳನೇ ಕ್ಲಾಸು, ಮಗಳಿಗೇನ್ ಕಲಿಸ್ತೀರಮ್ಮ? ನಾಳೆಯಿಂದ ಶಾಲೆಗೆ ಕಳಿಸಿ."

"ಕೊರಳಾಗಿನ ಲಿಂಗ ತೆಗೆಸಿದ ಶಾಲಿಗೆ ಕಳಸಂಗಿಲ್ರೀ. ಹಡೆದಾಕಿ ನಾನೋ, ಸರಕಾರನೋ?" ಅಂದೆ.

ಸಹಿಯಾದರೂ ಹಾಕಿ ಅಂದರು. ಯಾವ ಕಾಗದಕ್ಕಾದರೂ ಮೊದಲು ಮೇಲೆ 'ಶ್ರೀ ಗುರುಬಸವಲಿಂಗಾಯ ನಮಃ' ಬರೆಯುವುದು ನನ್ನ ರೂಢಿ. ಬರೆದೆ. "ಸರ್ಕಾರಿ ಪೇಪರ್ ಮೇಲೆ ಇದೆಲ್ಲ ಗೀಚ್ಬಾರ್ದು ಕಣ್ರೀ" ಎಂದು ಕೆಂಪು ಪೆನ್ನಿನಿಂದ ಹೊಡೆದು ಹಾಕಿದರು.

ಮಗಳು ಬಗ್ಗಿ ನೋಡಿದಳು. ಅವಳು ತಪ್ಪು ಬರೆದಾಗ ನಾನು ಎಳೆಯುವುದೂ ಅಂಥದೇ ಗೆರೆ.

"ಅವ್ವಾ, ತಪ್ಪು ಬರದೀಯೇನು?"

ನಾನು ಅವಳಿಗೆ ಕಲಿಸಿದ ಮೊದಲ ಸಾಲೇ ಅದು. ಶಿವನೇ, ನಾಳೆ ಅವಳ ಪಾಠವನ್ನು ಯಾವ ಸಾಲಿನಿಂದ ಶುರು ಮಾಡಲಿ?